ಇನ್ಸ್‌ಪೆಕ್ಟರು ಎಣಿಸಿದ ನೋಟ್‌ಬುಕ್ಕುಗಳು

ಮಹಾರಾಜರ ಕಾಲದ ಮಾತು. ಮಧುಗಿರಿಯ ಹೈಸ್ಕೂಲಿನಲ್ಲಿ ನಾನು ಎರಡು ವರ್ಷದಿಂದ ಹಂಗಾಮಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಬೆಟ್ಟದ ಬುಡದಲ್ಲಿ ಬಾಡಿಗೆ ಮನೆ. ಹಗಲೆಲ್ಲ ಕಾದ ಬಂಡೆ ದೀಪ ಹಚ್ಚುವ ಹೊತ್ತಿನವರೆಗೂ ಬಿಸಿ ಉಗುಳುತ್ತಿತ್ತು. ಹಿತ್ತಲಲ್ಲಿ ಬಾವಿಕಟ್ಟೆಯ ಪಕ್ಕ ಒಂದು ತುಂಡು ನೆಲ ಖಾಲಿ ಬಿದ್ದಿತ್ತು. ಅಲ್ಲಿ ನೆಡಲು ಪಕ್ಕದ ಮನೆಯಾಕೆ ನುಗ್ಗೆ ಕೊಂಬೆ ಕಡಿದು ಕೊಡುತ್ತೇನೆಂದು ನನ್ನ ಹೆಂಡತಿಗೆ ಎಷ್ಟೋ ಸಲ ಹೇಳಿದ್ದರು. ಇವಳು ಒಪ್ಪುತ್ತಿರಲಿಲ್ಲ.

"ನಿಮ್ಮ ಕೆಲಸ ಖಾಯಮ್ಮಾಗಲಿ, ಆಮೇಲೆ ನೋಡೋಣ. ಯಾರೋ ಬಂದು ಕಾಯಿ ಕೊಯ್ಕೊಳ್ಳೋಕೆ ನಾನ್ಯಾಕೆ ನೀರು ಹೊಯ್ಯಲಿ?"

ಅವಳ ಮಾತು ಸರಿಯಾಗಿತ್ತು. ಆ ವರ್ಷ ರಾಗಿ ಕಣದ ಕೆಲಸ ಮುಗಿಯುವ ಹೊತ್ತಿಗೆ ಹೆಡ್‌ಮೇಷ್ಟ್ರು ನನ್ನನ್ನು ಕರೆದು, "ಬರೋ ವಾರ ಇನ್ಸ್‌ಪೆಕ್ಟರ್ ಸಾಹೇಬರು ಬರ್ತಾರೆ. ನಿಮ್ಮ ಕ್ಲಾಸಲ್ಲೇ ಕೂತ್ಕೋತಾರಂತೆ. ಅವರು ಒಳ್ಳೇದು ಬರೆದರೆ ಉಳೀತೀರಿ. ಇಲ್ಲದಿದ್ರೆ ಬೇಸಿಗೆ ರಜ ಕಳೆದ ಮೇಲೆ ಬೇರೆ ಮೇಷ್ಟ್ರು ಬರ್ತಾರೆ. ನನ್ನ ಕೈಲೇನಿಲ್ಲ," ಎಂದರು. ನಾನು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: "ಪುಸ್ತಕದ ಉದಾಹರಣೆ ಒಪ್ಪಿಸಿದ್ರೆ ಅವರಿಗೆ ಆಗೋದಿಲ್ಲ, ನೆನಪಿರಲಿ."

ಪುಸ್ತಕದ್ದು ಬಿಟ್ಟರೆ ನಮ್ಮ ಹುಡುಗರಿಗೆ ಬೇರೇನೂ ಬರುತ್ತಿರಲಿಲ್ಲ. ಸಿಮಿಲಿ, ಮೆಟಫರ್, ಜಡಕ್ಕೆ ಜೀವ ಕೊಡುವ ಪರ್ಸಾನಿಫಿಕೇಷನ್, ಇದ್ದದ್ದನ್ನು ಹಿಗ್ಗಿಸಿ ಹೇಳುವ ಹೈಪರ್ಬೊಲಿ, ಯೂಫಮಿಸಂ, ಈ ಐದು ಅಲಂಕಾರಗಳ ಲಕ್ಷಣವನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರು. ಉದಾಹರಣೆ ಕೇಳಿದರೆ ಮಾತ್ರ ಕಷ್ಟ. ರಿವಿಜನ್ನಿನ ಮೊದಲ ದಿನ ಮಿಡಿಗೇಶಿಯ ಹುಡುಗನನ್ನು ಎಬ್ಬಿಸಿದೆ. ಆಳು ಉದ್ದ, ದನಿ ಅದಕ್ಕಿಂತ ಉದ್ದ. ಕೂದಲು ಹಿಮದಂತೆ ಬೆಳ್ಳಗಿದೆ ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದ.

"ಹಿಮ ನೋಡಿದ್ದೀಯೇನೋ?"

"ಇಲ್ಲ ಸಾರ್. ಇಪ್ಪತ್ತನೇ ಪುಟದಾಗೈತೆ."

"ನಿಮ್ಮೂರಲ್ಲಿ ಬೆಳ್ಳಗಿರೋದು ಏನೂ ಇಲ್ವೇ?"

ಅವನು ತಲೆ ಕೆರೆದುಕೊಂಡು, "ಐತೆ ಸಾರ್. ಆದ್ರೆ ಪುಸ್ತಕದಾಗಿಲ್ಲ," ಎಂದ.

ತಲೆ ಬಿಸಿ ಮಾಡಿಕೊಂಡು ಮನೆಗೆ ಬಂದೆ. ಹೆಂಡತಿ ಅಡುಗೆಮನೆಯಿಂದ ಡಬ್ಬ ತಂದು ನನ್ನ ಮುಂದೆ ಬೋರಲು ಹಾಕಿದಳು. ಒಂದು ಕಾಳೂ ಉದುರಲಿಲ್ಲ.

"ಅಕ್ಕಿ ಹೆಚ್ಚಿದೆ ಕಣ್ರೀ. ಅಂಗಡಿಗೆ ಹೋಗಿ ಬನ್ನಿ."

ಚೀಲ ಹಿಡಿದು ಬಾಗಿಲವರೆಗೆ ಹೋದವನು ಅಲ್ಲೇ ನಿಂತೆ. ಮುಗಿಯಿತು ಅನ್ನಬಾರದೆಂದು ಹೆಚ್ಚಿದೆ ಅನ್ನುತ್ತಾಳೆ. ನಮ್ಮಮ್ಮನೂ ಹಾಗೇ ಅನ್ನುತ್ತಿದ್ದಳು. ಕಹಿ ಸಂಗತಿಗೆ ಮೆತ್ತನೆಯ ಮಾತು, ಅಷ್ಟೇ ತಾನೆ ಯೂಫಮಿಸಂ! ಹುಡುಗರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಇವಳು ದಿನಾ ಒಲೆ ಮುಂದೆ ಕೂತು ಅದನ್ನೇ ಆಡುತ್ತಿದ್ದಾಳೆ.

"ಏನ್ರೀ ಹಂಗೆ ನೋಡ್ತೀರಾ? ಅಂಗಡಿ ಮುಚ್ತಾನೆ, ಹೋಗಿ!"

ಮರುದಿನ ಪುಸ್ತಕ ಮುಚ್ಚಿಸಿದೆ. "ಇನ್ನು ಒಂದು ವಾರ ನಿಮ್ಮ ಮನೆ ಮಾತೇ ಪುಸ್ತಕ. ಯಾರ ಬಾಯಲ್ಲಿ ಬರಲಿ, ಕಿವಿಗೆ ಬಿದ್ದ ತಕ್ಷಣ ಎದ್ದು ಅಲಂಕಾರದ ಹೆಸರು ಹೇಳಬೇಕು. ಮೊದಲು ಹೇಳಿದವನಿಗೆ ಅವತ್ತು ಕಿಟಕಿ ಪಕ್ಕದ ಜಾಗ," ಎಂದೆ. ಆ ಸೆಕೆಯಲ್ಲಿ ಕಿಟಕಿ ಪಕ್ಕ ಕೂರಲು ಎಂಥವರೂ ಆಸೆಪಡುತ್ತಿದ್ದರು.

ಆಮೇಲೆ ನೋಡಬೇಕಿತ್ತು ಅವರನ್ನು. ಪಾವಗಡದ ಹುಡುಗ ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಮಾ ಊರ ಬಿಸಿಲು ಮನುಷ್ಯರನ್ನ ಅಟ್ಟಿಸ್ಕೊಂಡು ಬರ್ತದಿ ಸಾರ್, ಪರ್ಸಾನಿಫಿಕೇಷನ್!" ಎಂದು ಒಂದು ದಿನ ಕಿಟಕಿ ಗೆದ್ದ. ಸೋಮವಾರ ಮಿಡಿಗೇಶಿಯ ಹುಡುಗ ಬುತ್ತಿಗಂಟಿನ ಜೊತೆಗೆ ಹಣೆಯ ಮೇಲೊಂದು ಬೋರೆಕಾಯಿಯಷ್ಟು ಊತವನ್ನೂ ತಂದಿದ್ದ.

"ಏನೋ ಅದು?"

"ನಮ್ಮವ್ವ ಸಾರ್. 'ಲೇ, ನಿಂಗೆ ಸಾವ್ರ ಕಿತ ಯೋಳಿವ್ನಿ, ಎಮ್ಮೆ ಹಿಡ್ಕಂಡು ಬಾ' ಅಂದ್ಳು. ನಾನು ಹೈಪರ್ಬೊಲಿ ಕಣವ್ವ ಅಂದ್ಬುಟ್ಟೆ. ಮುದ್ದೆ ತಿರುವೋ ಕೋಲಾಗೆ ಕೊಟ್ಟ್ಳು."

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆ ನಗುವಿನಲ್ಲಿ ಒಂದು ಮಾತು ಹೇಳುವುದನ್ನು ಮರೆತೆ. ಇನ್ಸ್‌ಪೆಕ್ಟರ ಮುಂದೆ ಈ ಆಟ ಬೇಡ, ಕೇಳಿದಾಗ ಮಾತ್ರ ಉತ್ತರ ಹೇಳಿ ಎನ್ನಬೇಕಿತ್ತು.

ಸಾಹೇಬರು ಬಂದರು. ಜರಿಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಹೊಳೆಯುವ ಜೋಡು. ಹೆಡ್‌ಮೇಷ್ಟ್ರು ಅವರ ಹಿಂದೆ ಕೈಕಟ್ಟಿ ನಿಂತರು. ಸಾಹೇಬರು ಲಕ್ಷಣ ಕೇಳಿದರು, ಹುಡುಗರು ಹೇಳಿದರು. ಉದಾಹರಣೆ ಕೇಳಿದರು, ಒಬ್ಬನ ಬಾಯಲ್ಲೂ ಹಿಮ ಬರಲಿಲ್ಲ. ಸಾಹೇಬರ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ. "ನೋಟ್‌ಬುಕ್ ಕೊಡಿ," ಎಂದರು. ಮೇಜಿನ ಮೇಲೆ ಕಟ್ಟು ಇಟ್ಟೆ. ಎಲ್ಲರೂ ಬರೆದಿದ್ದಾರೋ ಇಲ್ಲವೋ ಎಂದು ತಾವೇ ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡತೊಡಗಿದರು. ಎಣಿಕೆ ಗೊಣಗಿನಂತೆ ಕೇಳಿಸುತ್ತಿತ್ತು.

"ಲಾಭ... ಎರಡು... ಮೂರು..."

"ಯೂಫಮಿಸಂ, ಸಾರ್!"

ಮಿಡಿಗೇಶಿಯ ಹುಡುಗ ಎದ್ದು ನಿಂತಿದ್ದ. ಅವನ ಹಿಂದೆಯೇ ಇಡೀ ಕ್ಲಾಸು ಕಿಟಕಿ ಪಕ್ಕದ ಜಾಗಕ್ಕಾಗಿ ಕೂಗಿತು: "ಯೂಫಮಿಸಂ!"

ಹೆಡ್‌ಮೇಷ್ಟ್ರ ಮುಖ ಸುಣ್ಣವಾಯಿತು. ಸಾಹೇಬರ ಕೈ ನಾಲ್ಕನೆಯ ನೋಟ್‌ಬುಕ್ಕಿನ ಮೇಲೆಯೇ ನಿಂತಿತ್ತು.

"ಯಾವುದಪ್ಪ ಯೂಫಮಿಸಂ? ಯಾರು ಹೇಳಿದ್ದು?"

"ನೀವೇ ಸಾರ್. ಒಂದು ಅನ್ನೋ ಕಡೆ ಲಾಭ ಅಂದ್ರಿ."

"ನಾನೇ?"

"ಹೂಂ ಸಾರ್. ಕಣದಾಗೆ ರಾಗಿ ಅಳೆಯೋವಾಗ ನಮ್ಮವ್ವನೂ ಇಂಗೇ ಅಂತಾಳೆ. ಮೊದಲ್ನೇ ಸೇರು ಒಂದು ಅಂದ್ರೆ ರಾಶಿ ಅಷ್ಟಕ್ಕೇ ನಿಂತೋಯ್ತದಂತೆ. ಲಾಭ ಅಂದ್ರೆ ಬೆಳೀತದಂತೆ."

ಸಾಹೇಬರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಪೇಟದ ಕೆಳಗೆ ಯಾರದೋ ಮನೆಯ ಮಗ ಕಾಣಿಸಿದ ಹಾಗಾಯಿತು. "ನಮ್ಮ ತಾಯಿಯೂ ಹಾಗೇ ಅಳೆಯುತ್ತಿದ್ದರು," ಎಂದು ನಿಧಾನವಾಗಿ ಹೇಳಿ, ನನ್ನ ಕಡೆ ತಿರುಗಿ, "ಮೇಷ್ಟ್ರೇ, ಯೂಫಮಿಸಂಗೆ ಉದಾಹರಣೆ ಕೊಡಿ ಅಂತ ಲಕ್ಷ ಹುಡುಗರನ್ನ ಕೇಳಿದ್ದೀನಿ," ಎಂದರು.

ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ತಡೆಯಲಾರದೆ ಬಂತು: "ಹೈಪರ್ಬೊಲಿ, ಸಾರ್."

ಆಗ ನಕ್ಕರು ನೋಡಿ, ಪೇಟ ಅಲುಗುವಷ್ಟು. ಆದರೂ ತಮ್ಮ ಪುಸ್ತಕದಲ್ಲಿ ಏನೋ ಬರೆದು, ನಮಗೆ ತೋರಿಸದೆ ಮುಚ್ಚಿಕೊಂಡು ಹೋದರು. ಹೆಡ್‌ಮೇಷ್ಟ್ರು, "ಸಾಹೇಬರಿಗೇ ಪಾಠ ಹೇಳಿಸಿಬಿಟ್ರಲ್ರೀ! ಪೆಟ್ಟಿಗೆ ಕಟ್ಕೊಳ್ಳಿ," ಎಂದರು. ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಹಿತ್ತಲಿನ ಖಾಲಿ ನೆಲವನ್ನು ನೋಡಿ ಒಳಗೆ ಹೋದಳು.

ಬೇಸಿಗೆ ರಜಕ್ಕೆ ನಾಲ್ಕು ದಿನವಿರುವಾಗ ಆರ್ಡರು ಬಂತು: ಖಾಯಂ. ನಾನು ಕಾಗದ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಅವಳು ಬಾವಿಕಟ್ಟೆಯ ಹತ್ತಿರ ಸೀರೆ ಎತ್ತಿ ಕಟ್ಟಿಕೊಂಡು ಗುಣಿ ತೋಡುತ್ತಿದ್ದಳು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ನುಗ್ಗೆ ಕೊಂಬೆ ನೀಡುತ್ತಿದ್ದರು.

"ಕಾಗದ ಆಮೇಲೆ ಓದಿ. ಮೊದಲು ಒಂದು ಕೊಡ ನೀರು ಸೇದ್ಕೊಡಿ," ಎಂದಳು.

ಕೊಂಬೆ ಚಿಗುರಿ, ಮರುವರ್ಷವೇ ಕಾಯಿ ಬಿಟ್ಟಿತು. ಅವಳು ಮೊದಲ ಕಾಯಿ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತ "ಲಾಭ" ಎಂದಳು. ನನ್ನ ಬಾಯಿಗೆ ಬಂದ ಮಾತನ್ನು ನಾನು ನುಂಗಿಕೊಂಡೆ. ಮುದ್ದೆ ಕೋಲು ನಮ್ಮ ಮನೆಯಲ್ಲೂ ಇತ್ತು.