ಟ್ರಬಲ್ ಎಂದರೆ ಬಾವಿ ಕದಡುವುದು

ಹೋದ ವಾರ ಒಂದೇ ಒಂದು ಇಂಗ್ಲಿಷ್ ಪದದಿಂದಾಗಿ ನಮ್ಮ ಶ್ರೀರಾಂಪುರದ ಒಂದು ಬೀದಿಗೆ ಕುಡಿಯಲು ನೀರಿಲ್ಲದಂತಾಯಿತು. ತಪ್ಪು ನನ್ನದೇ.

ಕೊಬ್ಬರಿ ವ್ಯಾಪಾರಿ ಸಿದ್ರಾಮಪ್ಪ, ಹೆಂಡತಿ ಗೌರಮ್ಮನೊಡನೆ ಮನೆಗೆ ಬಂದ. ಕೈಯಲ್ಲೊಂದು ಇಂಗ್ಲಿಷ್ ಚೀಟಿ. ಊರಾಚೆಯ ತೋಪಿನಲ್ಲಿ ಡೇರೆ ಹಾಕಿಕೊಂಡು ರಸ್ತೆ ಅಳೆಸುತ್ತಿರುವ ಸಾಹೇಬರದು.

"ಏನ್ ಬರ್ದವ್ರೆ ನೋಡ್ರಿ ಮೇಷ್ಟ್ರೆ."

ಗಂಟಲು ಸರಿಮಾಡಿಕೊಂಡು ಓದಿದೆ. "ಸಾರಿ ಟು ಟ್ರಬಲ್ ಯು." (ನನ್ನ ಉಚ್ಚಾರಣೆಗೆ ನಾನೇ ತಲೆದೂಗಿದೆ.) "ಅಂದರೆ, ನಿಮಗೆ ಕಷ್ಟ ಕೊಡಲಿರುವುದಕ್ಕೆ ಸಾಹೇಬರು ವಿಷಾದಪಡುತ್ತಾರೆ. ನಾಳೆ ಬೆಳಿಗ್ಗೆ ನಿಮ್ಮ ಬಾವಿಗೆ ಬರುತ್ತಾರಂತೆ."

ಮುಂದಿನ ಸಾಲಿನ ಅಕ್ಷರ ಬಿಡಿಸಲಾಗಲಿಲ್ಲ. ಹಾಗೆಂದು ಹೇಳಲೂ ಇಲ್ಲ. ಇಂಗ್ಲಿಷ್ ಮೇಷ್ಟ್ರಿಗೆ ತಿಳಿಯದೆಂದರೆ ಮರ್ಯಾದೆ ಉಳಿದೀತೆ?

ಸಿದ್ರಾಮಪ್ಪನ ಮುಖ ಬಿಳಿಚಿತು. ಬೀದಿಗೆಲ್ಲ ಸಿಹಿನೀರಿನ ಬಾವಿ ಅದೊಂದೇ. "ಬಾವಿ ಕಿತ್ಕಂತಾರೇನ್ರಿ?"

ಗೌರಮ್ಮ ಎದ್ದು ನಿಂತಳು. "ನೀರು ಕೆಟ್ಟೈತೆ ಅಂದ್ರೆ ಯಾವ ಸಾಹೇಬ ಮುಟ್ತಾನೆ? ಹೋಗಾಣ ನಡೀರಿ."

ಮರುದಿನ ಕುತೂಹಲ ತಡೆಯದೆ ನಾನೂ ಹೋದೆ. ಬೀದಿಯ ಹೆಂಗಸರೆಲ್ಲ ಸೇರಿ ಉದ್ದುದ್ದ ಬಿದಿರು ಇಳಿಬಿಟ್ಟು ಬಾವಿಯ ತಳವನ್ನೇ ಕಲಕಿಬಿಟ್ಟಿದ್ದರು. ನೀರು ಅಂಬಲಿಯಂತಾಗಿತ್ತು. ಸಾಹೇಬರು ಬಂದರು, ಬಗ್ಗಿ ನೋಡಿದರು, ಮುಖ ಸಣ್ಣದಾಯಿತು. ಜೊತೆಗಿದ್ದ ಗುಮಾಸ್ತರು ವಿಷಯ ತಿಳಿಸಿದರು. ಡೇರೆಯ ಹತ್ತಿರದ ನೀರು ಉಪ್ಪು. ಸಾಹೇಬರಿಗೆ ಚಹಾ ಕಾಸಲು ಒಂದು ಕೊಡ ಸಿಹಿನೀರು ಬೇಕಾಗಿತ್ತು. ಅಷ್ಟೇ!

ಇಡೀ ಬೀದಿ ನನ್ನ ಕಡೆ ತಿರುಗಿತು.

"ಇದೇನ್ರಿ ಮೇಷ್ಟ್ರೆ ನೀವು ಓದಿದ್ದು?" ಎಂದಳು ಗೌರಮ್ಮ. ಅವಳೇ ಎರಡು ಎಳನೀರು ಕೆತ್ತಿಸಿ ಸಾಹೇಬರಿಗೆ ಕೊಡಿಸಿದಳು. ಅವರು ಕುಡಿದು, ನಕ್ಕು ಹೋದರು. ಬಾವಿ ತಿಳಿಯಾಗಲು ಎರಡು ದಿನ ಹಿಡಿಯಿತು. ಅಲ್ಲಿಯವರೆಗೆ ಎಲ್ಲರೂ ದೂರದ ತೋಟದಿಂದ ನೀರು ಹೊತ್ತರು. ನಾನೂ ಹೊತ್ತೆ. (ಹೊರಿಸಿದರು ಎಂದರೆ ಸರಿ.)

ಭುಜ ಉಜ್ಜಿಕೊಳ್ಳುತ್ತ ಡಿಕ್ಷನರಿ ತೆರೆದೆ. ಸಾಹೇಬರದು ಬರೀ ಉಪಚಾರದ ಮಾತು. 'ನಿಮಗೆ ಶ್ರಮ ಕೊಟ್ಟೆ' ಎಂದು ನಾವೂ ಅನ್ನುವುದಿಲ್ಲವೆ, ಹಾಗೆ. ಇನ್ನಷ್ಟು ಕೆಳಗೆ ಕಣ್ಣಾಡಿಸಿದೆ. ಟ್ರಬಲ್ ಪದದ ಬೇರು ಲ್ಯಾಟಿನ್ನಿನಲ್ಲಿದೆಯಂತೆ. ಮೂಲಾರ್ಥವೇನು ಗೊತ್ತೆ? ಕಲಕು, ಕದಡು, ರಾಡಿ ಮಾಡು!

ನನಗೆ ಪುಸ್ತಕದಲ್ಲಿ ಸಿಕ್ಕ ಅರ್ಥ ಗೌರಮ್ಮನಿಗೆ ಬಿದಿರಿನ ತುದಿಯಲ್ಲೇ ಸಿಕ್ಕಿತ್ತು.

ಒಂದು ಕೊಡ ನೀರಿಗೆ ಆ ಸಾಹೇಬರು ಮೊದಲೇ ಕ್ಷಮೆ ಕೇಳಿದ್ದರು. ಬಾವಿಯನ್ನೇ ಕದಡಿಸಿದ ನಾನು ಇನ್ನೂ ಕೇಳಿಲ್ಲ. ಮೇಷ್ಟ್ರು ಕ್ಷಮೆ ಕೇಳುವುದುಂಟೆ?