ಸೊನ್ನೆಯನ್ನೊಪ್ಪದ ಶೇಖರಮ್ಮ

ತಳಕಲ್ಲಿನ ಶೇಖರಮ್ಮ ಹುಟ್ಟಿದ್ದು ೧೯೭೯ರ ಜೂನ್ ೩ರಂದು. ಜಾನುವಾರು ಗಣತಿಯಲ್ಲಿ ದುಡಿದಷ್ಟು ಕಾಲ ಆಕೆಯ ಪಟ್ಟಿಯಲ್ಲಿ ಒಂದು ಕರುವೂ ತಪ್ಪಿರಲಿಲ್ಲ. ೨೦೨೩ರ ಜನವರಿಯಲ್ಲಿ ಕೊಪ್ಪಳದ ಮಹಿಳಾ ಸಂಸ್ಥೆಯೊಂದು ಆಕೆಗೆ ಬೇರೊಂದು ಎಣಿಕೆಯನ್ನು ಒಪ್ಪಿಸಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಎಷ್ಟು ಮಂದಿ ಎಂಬುದನ್ನು, ಹೆಸರು ಬರೆದುಕೊಳ್ಳದೆ, ವಯಸ್ಕ ಹೆಂಗಸರಿಂದ ಕೇಳಿ ತಿಳಿಯಬೇಕಾಗಿತ್ತು.

ಫೆಬ್ರವರಿ ೧೩, ಸೋಮವಾರ. ಯಲಬುರ್ಗಾ ತಾಲೂಕಿನ ಒಂದು ಊರು. ಹೆಸರು ಹೇಳಬಾರದೆಂಬುದು ಸಮೀಕ್ಷೆಯ ಕಟ್ಟಳೆ. ನಲವತ್ತು ಮನೆಗಳಲ್ಲಿಯೂ ‘ಇಲ್ಲ’ ಎಂಬುದೇ ಉತ್ತರ. ಎಲ್ಲೆಡೆಯೂ ಸೊಸೆಯ ಮಗ್ಗುಲಲ್ಲಿ ಅತ್ತೆ ಕುಳಿತಿದ್ದಳು.

“ಸೊನ್ನಿ ಬಂದ್ರ ಸೊನ್ನಿ ಬರೀರಿ ಅಕ್ಕಾರ. ಊರು ಛಲೋ ಐತಿ ಅಂತ ಖುಷಿ ಪಡ್ರಿ,” ಎಂದ ಮೇಲ್ವಿಚಾರಕ ಬಸವಕುಮಾರ.

“ಊರು ಛಲೋ ಐತೋ, ನಾವು ಕೇಳಿದ್ದ ಛಲೋ ಇಲ್ಲೋ?”

“ನಿಮಗ ಎಮ್ಮಿ ಎಣಿಸೋದ ಛಲೋ ಇತ್ತು ನೋಡ್ರಿ!”

“ಎಮ್ಮಿ ಮಗ್ಗುಲಾಗ ಅತ್ತಿ ಕುಂದ್ರಂಗಿಲ್ರಿ ಸಾಹೇಬ್ರ.”

ಆತ ನಕ್ಕು, ಬುಧವಾರ ಸಂಜೆಯವರೆಗೆ ಅವಕಾಶ ಕೊಟ್ಟ. ಸೊನ್ನೆ ವರದಿಗೆ ಸೇರಿದರೆ ಆ ಊರಿನ ಶಾಲೆಗೆ ಆಪ್ತಸಮಾಲೋಚಕಿ ಬರುವಂತಿರಲಿಲ್ಲ. ಮುಂದೆ ಯಾವ ಹುಡುಗಿ ಬಾಯಿಬಿಟ್ಟರೂ ನಂಬುವವರಿರಲಿಲ್ಲ.

ಅಲ್ಲಿಯ ಮಹಿಳಾ ಸಂಘದವರು ಅಧ್ಯಕ್ಷೆಯನ್ನು ಗಡಿಗೆಗೆ ಕಾಳು ಹಾಕಿ ಆರಿಸುತ್ತಿದ್ದರು. ಶೇಖರಮ್ಮ ಹಿಡಿದದ್ದು ಅದೇ ದಾರಿ. ಬುಧವಾರ ಸಂಘದ ಯಂಕವ್ವನ ಮನೆಯ ಕತ್ತಲೆಕೋಣೆಯಲ್ಲಿ ಗಡಿಗೆಯನ್ನಿಟ್ಟಳು. ಪಕ್ಕದಲ್ಲಿ ಎರಡು ಬುಟ್ಟಿ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಒಳಹೋಗಿ, ಬಾಲ್ಯದಲ್ಲಿ ಹಾಗೇನೂ ಆಗಿರದಿದ್ದರೆ ಜೋಳ, ಆಗಿದ್ದರೆ ತೊಗರಿ, ಒಂದೇ ಕಾಳು ಹಾಕಬೇಕು. ಮನಸ್ಸಿಲ್ಲದವರು ಏನನ್ನೂ ಹಾಕಬೇಕಿಲ್ಲ.

ಯಂಕವ್ವನ ಅತ್ತೆ ಸೊಸೆಯ ಹಿಂದೆಯೇ ಎದ್ದಳು.

“ಅತ್ತೀ, ಹೊರಗ ಕುಂದರ್ರಿ. ನಿಮ್ಮ ಪಾಳಿನೂ ಬರತೈತಿ.”

“ನನ್ನ ಮನ್ಯಾಗ ನನಗ ಬಾಗಲಾ ಹಾಕ್ತಿ ಏನ ಬೇ?”

“ಇವತ್ತೊಂದಿನ ಹಾಕ್ತೀನ್ರಿ.”

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಪಾಳಿ ಬಂದಾಗ ಮುದುಕಿ ಎಲ್ಲರಿಗಿಂತ ಹೆಚ್ಚು ಹೊತ್ತು ಒಳಗಿದ್ದಳು. ಹೊರಬಂದು ಸೊಸೆಯ ಪಕ್ಕದಲ್ಲಿ ಕುಳಿತಳು.

ಸಂಜೆ ಗಡಿಗೆಯನ್ನು ಬೋರಲು ಹಾಕಿದಾಗ ಮೂವತ್ತಾರು ಕಾಳು. ಅವುಗಳಲ್ಲಿ ಒಂಬತ್ತು ತೊಗರಿ. ಬಸವಕುಮಾರ ಮೂರು ಸಲ ಎಣಿಸಿದ.

“ಅಕ್ಕಾರ, ನಂದು ತಪ್ಪಾತು,” ಎಂದ. “ಉಳಿದ ಊರಾಗ ಹೆಂಗ ಕೇಳೂಣು?”

“ಹಿಂಗ ಕೇಳೂಣ್ರಿ.”

ಮಾರ್ಚ್ ೬, ಸೋಮವಾರದಿಂದ ಗಂಗಾವತಿ, ಕುಷ್ಟಗಿ ತಾಲೂಕುಗಳಲ್ಲಿಯೂ ಹಾಗೆಯೇ ಕೇಳಿದರು. ಪದವಿ ಪಡೆದ ಹನ್ನೆರಡು ಮಂದಿ ಸಮೀಕ್ಷಕಿಯರಿಗೆ ಆ ಕ್ರಮವನ್ನು ಕಲಿಸಿದವಳು ಹತ್ತನೆಯ ತರಗತಿ ಓದಿದ ಶೇಖರಮ್ಮ. ಜುಲೈ ೩ರಂದು ಆ ಮೊದಲ ಊರಿನ ಶಾಲೆಗೆ ಆಪ್ತಸಮಾಲೋಚಕಿ ಬಂದಳು.