ಹೋಗದ ಗೆರೆ

ದರ್ಜಿ ಅಂಗಡಿಯ ಮೇಲಿನ ನಮ್ಮ ತಪಾಸಣೆ ಕೋಣೆಗೆ ಹೆಂಗಸರು ಬರುವುದು ನರ್ಸಾದ ನನ್ನ ಮುಖ ನೋಡಿ ಅಲ್ಲ, ಗೆರೆಯಕ್ಕನ ಮುಖ ನೋಡಿ. ಅವಳೂ ಒಂದು ಕಾಲದಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಿರಾಕಿಗೆ ಕಾದವಳು. ಈಗ ಅದೇ ಬೀದಿಯವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಕಿಟ್‌ಗೆ ಬಿಟ್ಟು, ಲೈಂಗಿಕ ಸೋಂಕು ಇದೆಯೇ ಎಂದು ಅಲ್ಲೇ ಹೇಳುತ್ತಾಳೆ. ಒಂದು ಗೆರೆ ಮೂಡಿದರೆ ನಿಶ್ಚಿಂತೆ, ಎರಡು ಮೂಡಿದರೆ ಸೋಂಕು. ಅದರಿಂದಲೇ ಅವಳಿಗೆ ಆ ಹೆಸರು.

ಹೆದರಿದವರ ಎದುರು ತನ್ನ ಬೆರಳನ್ನೂ ಚುಚ್ಚಿಕೊಳ್ಳುವುದು ಅವಳ ಚಾಳಿ. ಕಿಟ್ ದಂಡವಾಯಿತೆಂದು ನನಗೆ ಮೈ ಉರಿಯುತ್ತಿತ್ತು. “ನಿನ್ನ ಬೆರಳೇನು ಜರಡಿನಾ?” ಎಂದು ಗದರಿದರೆ ಹಲ್ಲು ಕಿರಿಯುತ್ತಿದ್ದಳು.

ಅಂದು ಬಂದವಳು ಐದು ತಿಂಗಳ ಬಸುರಿ. ಎರಡು ಗೆರೆ ಕಂಡು ನಕ್ಕೇಬಿಟ್ಟಳು. “ಬಸುರಿ ಅಂತ ಗೊತ್ತೇ ಇದ್ಯಲ್ಲಕ್ಕಾ, ಇದನ್ನ ಹೇಳೋಕೆ ಚುಚ್ಚಬೇಕಿತ್ತಾ?”

“ಇದು ಆ ಗೆರೆ ಅಲ್ಲ ಕಣೇ. ಸಿಫಿಲಿಸ್ ಗೆರೆ. ಇವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೋ, ಮಗು ಉಳಿಯುತ್ತೆ,” ಎಂದಳು ಗೆರೆಯಕ್ಕ.

ಅವಳ ಮುಖ ಇಳಿಯಿತು. “ನಂಗೆ ಗಾಯ ಇಲ್ಲ, ಜ್ವರ ಇಲ್ಲ. ಸುಮ್ನೆ ಅಲ್ಲಿ ಹೋಗಿ ಎಲ್ಲರ ಮುಂದೆ ಮಾನ ಕಳ್ಕೊಳ್ಳಲ್ಲ,” ಎಂದು ಎದ್ದಳು.

ಗೆರೆಯಕ್ಕ ಅವಳ ಕೈ ಹಿಡಿದು ಕೂರಿಸಿ, ತನ್ನ ಬೆರಳು ಚುಚ್ಚಿಕೊಂಡಳು. ಕೆಳಗೆ ಹೊಲಿಗೆ ಯಂತ್ರ ಗಡಗಡಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಕಿಟ್‌ನಲ್ಲೂ ಎರಡು ಗೆರೆ ಎದ್ದವು.

“ನೋಡು, ನಂದೂ ಎರಡೇ. ಇಂಜೆಕ್ಷನ್ ತಗೊಂಡು ವಾಸಿಯಾಗಿ ಎಷ್ಟೋ ವರ್ಷ ಆಯ್ತು. ರೋಗ ಹೋದ್ರೂ ಗೆರೆ ಹೋಗಲ್ಲ. ಹೆದರಬೇಡ.”

“ಹೋಗದ ಗೆರೆಗೆ ಇಂಜೆಕ್ಷನ್ ಯಾಕಕ್ಕಾ? ನಿಂಗೇ ಹೋಗಿಲ್ಲ, ನಂಗೆ ಹೋಗುತ್ತಾ?” ಎಂದವಳೇ ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ತೂರಿಸಿದಳು.

ಕೆಲಸ ಕೆಟ್ಟಿತು ಎಂದುಕೊಂಡೆ. ಗೆರೆಯಕ್ಕ ಬೆರಳಿನ ಹತ್ತಿಯನ್ನು ಒತ್ತಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು.

“ನಂಗೂ ಗಾಯ ಇರ್ಲಿಲ್ಲ, ಜ್ವರ ಇರ್ಲಿಲ್ಲ. ಗೆರೆ ತೋರ್ಸೋರೂ ಇರ್ಲಿಲ್ಲ. ಗಂಡು ಮಗು ಹುಟ್ತು. ಅಳಲೇ ಇಲ್ಲ. ಆಮೇಲೆ ರಕ್ತ ನೋಡಿ ಹೇಳಿದ್ರು. ಇಂಜೆಕ್ಷನ್ ಕೊಟ್ರು, ನಾನು ಉಳ್ಕೊಂಡೆ.”

ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಬಸುರಿ ಬಾಗಿಲಲ್ಲೇ ನಿಂತಿದ್ದಳು. ತಿರುಗಿ ಕೇಳಿದಳು: “ಮಗೂಗೆ ಕೂದಲು ಇತ್ತಾ ಅಕ್ಕಾ?”

“ತಲೆ ತುಂಬಾ.”

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. “ನೀನೂ ಬಾ ಆಸ್ಪತ್ರೆಗೆ,” ಎಂದಳು. “ಒಬ್ಳೇ ಹೋಗೋಕೆ ಭಯ ನಂಗೆ.”